‘ಶುಚಿ’ ಎಂಬ ಹೆಸರನ್ನು ಕುರಿತು

ಸರ್ಕಾರದ ಯೋಜನೆಗಳಿಗೆ ಇಡುವ ಹೆಸರುಗಳು ವಿಮರ್ಶೆಯ ವಸ್ತುವಾಗಬಹುದೆಂದು ನಮ್ಮ ವಿಮರ್ಶಕರು ಭಾವಿಸಿದಂತೆ ಕಾಣುವುದಿಲ್ಲ. ಯಾರಾದರೂ ಕವಿ ತನ್ನ ಸಂಕಲನಕ್ಕೆ ಒಂದು ಹೆಸರಿಟ್ಟರೆ ಅದು ಸಾರ್ಥಕವೇ ಅಲ್ಲವೇ ಎಂದು ಎರಡು ಅಂಕಣ ಬರೆಯುವ ನಾವು, ಲಕ್ಷಗಟ್ಟಲೆ ಜನ ಬಾಯಲ್ಲಿ ಆಡಬೇಕಾದ ಹೆಸರನ್ನು ಕಚೇರಿಯೊಂದರಲ್ಲಿ ಕುಳಿತು ಇಟ್ಟಾಗ ಸುಮ್ಮನಿರುತ್ತೇವೆ. ಆದರೆ ಹೆಸರಿಡುವುದೂ ಒಂದು ಸಣ್ಣ ಕಾವ್ಯಕರ್ಮವೇ. ಒಂದು ಶಬ್ದವನ್ನು ಆರಿಸಿಕೊಂಡು ಹತ್ತನ್ನು ಬಿಡುತ್ತೇವೆ; ಬಿಟ್ಟದ್ದರಲ್ಲಿಯೂ ಅರ್ಥವಿರುತ್ತದೆ. ಅಂಥ ಎರಡಕ್ಷರದ ಹೆಸರೊಂದನ್ನು ಇಂದು ಓದುಗರ ಮುಂದೆ ಇಡಬಯಸುತ್ತೇನೆ. ಅದು ‘ಶುಚಿ’.

ಶಾಲೆಯ ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಬೇಕಾಗುವ ಪ್ಯಾಡುಗಳನ್ನು ಉಚಿತವಾಗಿ ಹಂಚಲು ಕರ್ನಾಟಕದ ಆರೋಗ್ಯ ಇಲಾಖೆ 2013-14ರಲ್ಲಿ ತಂದ ಯೋಜನೆಯ ಹೆಸರಿದು. ಯೋಜನೆ ಒಳ್ಳೆಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಹೆಸರನ್ನು ಟೀಕಿಸಿದವರು ವಸ್ತುವನ್ನೇ ಬೇಡವೆನ್ನುತ್ತಾರೆಂದು ತಿಳಿಯುವ ಅಭ್ಯಾಸ ನಮ್ಮಲ್ಲಿದೆ. ತಿಂಗಳಿಗೊಂದು ಪೊಟ್ಟಣದ ಬೆಲೆ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಲೆಕ್ಕಕ್ಕೆ ಬರುವಂಥದಲ್ಲ. ತಾಯಿಯೂ ಮೂವರು ಹೆಣ್ಣುಮಕ್ಕಳೂ ಇರುವ ಕೂಲಿಯ ಮನೆಯಲ್ಲಿ, ಕೈ ಬಿಗಿಯಾದಾಗ ಪಟ್ಟಿಯಿಂದ ಮೊದಲು ಹೊಡೆದುಹಾಕುವ ಬಾಬು ಅದೇ. ಆಗ ಉಳಿಯುವುದು ಹಳೆಯ ಸೀರೆಯ ತುಂಡು. ಬಟ್ಟೆ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ನಮ್ಮ ತಾಯಂದಿರು ಅದರಲ್ಲಿಯೇ ಆಯುಷ್ಯ ಕಳೆದರು. ಆದರೆ ಅದನ್ನು ಒಗೆಯಲು ನೀರು ಬೇಕು, ಬಿಸಿಲಿನಲ್ಲಿ ಒಣಗಿಸಲು ಜಾಗ ಬೇಕು, ಒಣಗುತ್ತಿರುವುದನ್ನು ನೋಡಿ ಮುಖ ಸಿಂಡರಿಸದ ಜನ ಬೇಕು. ಈ ಮೂರೂ ಒಟ್ಟಿಗೆ ಇರುವ ಮನೆಗಳು ಎಷ್ಟು? ಇಲ್ಲದ ಮನೆಯ ಹುಡುಗಿ ಆ ದಿನಗಳಲ್ಲಿ ಶಾಲೆಗೆ ಬರುವುದಿಲ್ಲ ಎಂಬುದನ್ನು ಹಾಜರಿ ಪುಸ್ತಕ ಇಟ್ಟ ಯಾವ ಉಪಾಧ್ಯಾಯಿನಿಯೂ ಬಲ್ಲಳು. ಆದುದರಿಂದ ಪ್ಯಾಡು ಹಂಚಿದ್ದು ಸರಿ. ನನ್ನ ತಕರಾರು ಪೊಟ್ಟಣದ ಒಳಗಿನದನ್ನು ಕುರಿತಲ್ಲ, ಮೇಲೆ ಬರೆದದ್ದನ್ನು ಕುರಿತು.

‘ಶುಚಿ’ ಸುಂದರವಾದ ಶಬ್ದ. ಸಂಸ್ಕೃತದಲ್ಲಿ ಅದರ ಧಾತುವಿಗೆ ಹೊಳೆಯುವುದು, ಉರಿಯುವುದು ಎಂದು ಅರ್ಥ. ಅಗ್ನಿಗೂ ಆ ಹೆಸರುಂಟು, ಆಷಾಢಮಾಸಕ್ಕೂ ಉಂಟು. ಕನ್ನಡಕ್ಕೆ ಬರುವ ದಾರಿಯಲ್ಲಿ ಅದು ಬೆಂಕಿಯನ್ನೂ ಹೊಳಪನ್ನೂ ಇಳಿಸಿ, ತೊಳೆದದ್ದು, ಮಡಿಯಾದದ್ದು ಎಂಬಷ್ಟನ್ನು ಮಾತ್ರ ಹೊತ್ತು ತಂದಿತು. ಈ ಅರ್ಥ ಒಂಟಿಯಾಗಿ ನಿಲ್ಲುವುದಿಲ್ಲ. ಶುಚಿ ಎಂದ ಕೂಡಲೇ ಅದರ ಬೆನ್ನಿಗೆ ಅಶುಚಿ ಬಂದು ನಿಲ್ಲುತ್ತದೆ. ಮನೆಯ ಹಿರಿಯರು ಯಾವ ಮಾತು ಹೇಳಿ ಹುಡುಗಿಯನ್ನು ಅಡಿಗೆಮನೆಯಿಂದ ಹಿತ್ತಿಲಿಗೆ ಕಳಿಸುತ್ತಿದ್ದರೋ ಅದೇ ಮಾತಿನ ಇನ್ನೊಂದು ಮಗ್ಗುಲನ್ನು ಸರ್ಕಾರ ಪೊಟ್ಟಣದ ಮೇಲೆ ಅಚ್ಚು ಹಾಕಿಸಿತು. ‘ಇದನ್ನು ತೆಗೆದುಕೋ, ಶುಚಿಯಾಗು’ ಎಂದಾಗ, ತೆಗೆದುಕೊಳ್ಳುವ ಮೊದಲು ನೀನೇನಾಗಿದ್ದೆ ಎಂಬುದನ್ನು ಹೇಳದೆ ಹೇಳಿದಂತಾಯಿತಲ್ಲವೆ? ವೈದ್ಯರು ಶುಚಿತ್ವ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಸೋಂಕಿನ ಯೋಚನೆ, ಮೈಲಿಗೆಯದಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ಒಂದೇ ಶಬ್ದ ವೈದ್ಯರ ಬಾಯಲ್ಲಿ ಒಂದರ್ಥವಾಗಿ, ಅಜ್ಜಿಯ ಬಾಯಲ್ಲಿ ಇನ್ನೊಂದರ್ಥವಾಗಿ ಇರುವಾಗ, ಹನ್ನೆರಡು ವರ್ಷದ ಹುಡುಗಿಗೆ ಮೊದಲು ಕೇಳಿಸುವುದು ಅಜ್ಜಿಯದು.

ಇದು ನಮ್ಮ ರಾಜ್ಯ ಒಂದರದೇ ಕತೆಯಲ್ಲ. ನೆರೆಯ ತಮಿಳುನಾಡಿನಲ್ಲಿ 2011ರಲ್ಲಿ ಘೋಷಿಸಿದ ಇಂಥದೇ ಯೋಜನೆಗೆ ‘ಪುದುಯುಗಂ’, ಹೊಸ ಯುಗ, ಎಂದು ಹೆಸರು. ಒಡಿಶಾದಲ್ಲಿ 2018ರಲ್ಲಿ ಬಂದದ್ದು ‘ಖುಷಿ’. ಅದೇ ವರ್ಷ ಮಹಾರಾಷ್ಟ್ರ ‘ಅಸ್ಮಿತಾ’ ಎಂದಿತು. 2021ರಲ್ಲಿ ರಾಜಸ್ಥಾನ ‘ಉಡಾನ್’, ಹಾರಾಟ, ಎಂದರೆ ಆಂಧ್ರಪ್ರದೇಶ ‘ಸ್ವೇಚ್ಛಾ’ ಎಂದಿತು. (ಕನ್ನಡದಲ್ಲಿ ಸ್ವೇಚ್ಛೆ ಎಂದರೆ ಹುಡುಗಿಯರ ತಂದೆತಾಯಿಗಳು ಗಾಬರಿಯಾಗುತ್ತಿದ್ದರು, ತೆಲುಗಿನಲ್ಲಿ ಅದು ನಿರುಪದ್ರವಿಯಾದ ಸ್ವಾತಂತ್ರ್ಯ.) ಯುಗ, ಸಂತೋಷ, ಅಸ್ಮಿತೆ, ಹಾರಾಟ, ಸ್ವಾತಂತ್ರ್ಯ: ಈ ಹೆಸರುಗಳನ್ನಷ್ಟೇ ಕೊಟ್ಟು ಇವು ಯಾವುದರ ಯೋಜನೆಗಳು ಎಂದು ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದರೆ, ಬಸ್ ಪಾಸು, ಸಾಲ, ಹೊಲಿಗೆಯಂತ್ರ ಎಂದೆಲ್ಲ ಉತ್ತರ ಬಂದೀತು, ಮುಟ್ಟು ಎಂಬ ಉತ್ತರ ಬರಲಾರದು. ಅಲಂಕಾರಶಾಸ್ತ್ರದಲ್ಲಿ ವ್ಯಂಗ್ಯಾರ್ಥಕ್ಕೆ ದೊಡ್ಡ ಮರ್ಯಾದೆಯಿದೆ, ನಿಜ. ಆದರೆ ವಾಚ್ಯವೇ ಇಲ್ಲದ ಕಡೆ ವ್ಯಂಗ್ಯ ಎಲ್ಲಿಂದ ಹುಟ್ಟಬೇಕು? ನಮ್ಮ ‘ಶುಚಿ’ ಈ ಗುಂಪಿನಲ್ಲಿ ವಿಷಯಕ್ಕೆ ತುಸು ಹತ್ತಿರ ಬಂದದ್ದು. ಬಂದು, ತಪ್ಪು ಬಾಗಿಲನ್ನು ತಟ್ಟಿದ್ದು.

ಇಂಪಾದ ಹೆಸರು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಇನ್ನೊಂದು ಉದಾಹರಣೆ ನಮ್ಮಲ್ಲಿಯೇ ಇದೆ. ತುಮಕೂರು, ಚಿತ್ರದುರ್ಗದ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯಿಂದ ಹೊರಗಿನ ಗುಡಿಸಲಲ್ಲಿ ಇರಿಸುವ ವಾಡಿಕೆಯುಂಟಷ್ಟೆ. ಅವರು ಬಿಸಿಲು ಮಳೆಯಲ್ಲಿ ನರಳಬಾರದೆಂದು ಸರ್ಕಾರವೇ ಊರಾಚೆ ಕಟ್ಟಡ ಕಟ್ಟಿಸಿಕೊಟ್ಟಿತು. ಅವುಗಳ ಹೆಸರು ‘ಕೃಷ್ಣಕುಟೀರ’. ಕಟ್ಟಿಸಿದವರಲ್ಲಿ ಕರುಣೆಯಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ದೂರವಿಡುವ ಪದ್ಧತಿಗೆ ಗಾರೆಯ ಗೋಡೆಯನ್ನೂ ಭಾಗವತದ ಹೆಸರನ್ನೂ ಕೊಟ್ಟ ಮೇಲೆ ಅದನ್ನು ಬಿಡಿಸುವುದು ಮೊದಲಿಗಿಂತ ಕಷ್ಟವಾಗುತ್ತದೆ.

ಹಾಗಾದರೆ ಕನ್ನಡದಲ್ಲಿ ಶಬ್ದಗಳಿಗೆ ಬರವೆ? ಬರವಿಲ್ಲ, ಅತಿವೃಷ್ಟಿಯೇ ಇದೆ. ಹುಡುಗಿ ಮೊದಲ ಸಲ ಮುಟ್ಟಾದರೆ ಮೈನೆರೆದಳು, ದೊಡ್ಡವಳಾದಳು, ಋತುಮತಿಯಾದಳು, ಪುಷ್ಪವತಿಯಾದಳು ಎನ್ನುತ್ತೇವೆ. ನೆರೆಯುವುದೆಂದರೆ ತುಂಬಿಕೊಳ್ಳುವುದು, ಹೊಳೆಯೂ ನೆರೆಯುತ್ತದೆ, ಜಾತ್ರೆಯೂ ನೆರೆಯುತ್ತದೆ. ಇಷ್ಟು ತುಂಬಿದ ಕ್ರಿಯಾಪದವನ್ನು ಹುಡುಗಿಯ ಮೈಗೆ ಕೊಟ್ಟ ಭಾಷೆ ನಮ್ಮದು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಅದಕ್ಕೆ ಒಸಗೆ. ಸೋಬಾನೆ ಹಾಡುತ್ತಾರೆ, ಆರತಿ ಎತ್ತುತ್ತಾರೆ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ, ಸೋದರಮಾವ ಸೊಪ್ಪಿನ ಗುಡ್ಲು ಹಾಕುತ್ತಾನೆ. ಊರಿಗೆ ಊರೇ ತಿಳಿಯುತ್ತದೆ. ಅದೇ ಹುಡುಗಿ ಮರುತಿಂಗಳು ಮುಟ್ಟಾದರೆ ಶಬ್ದಕೋಶವೇ ಬದಲಾಗುತ್ತದೆ. ಆಗ ಅವಳು ‘ಹೊರಗೆ’, ಅವಳು ‘ದೂರ’, ಅವಳನ್ನು ‘ಕಾಗೆ ಮುಟ್ಟಿದೆ’. ಮೊದಲ ಸಲಕ್ಕೆ ಹೂವಿನ ಹೆಸರು, ಮಿಕ್ಕ ನಾನೂರು ಸಲಕ್ಕೆ ಕಾಗೆಯ ಹೆಸರು! ಹಾಡಿದವರೂ ಅವರೇ, ದೂರ ಸರಿಸಿದವರೂ ಅವರೇ. ಮೊದಲನೆಯದರಲ್ಲಿ ಊರಿಗೆ ಒಂದು ಪ್ರಯೋಜನವಿತ್ತು: ಹುಡುಗಿ ಮದುವೆಗೆ ಬಂದಿದ್ದಾಳೆಂಬ ಪ್ರಕಟಣೆ ಅದು. ಆ ಪ್ರಯೋಜನ ಇಲ್ಲದ ಕಡೆ ಒಸಗೆಯ ಹಾಡೂ ಇರುತ್ತಿರಲಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು (1976) ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಹುಡುಗಿಗೆ ಆರತಿ ತರುವ ಆ ದಿನ, ಬಾಲವಿಧವೆಯಾದ ಫಣಿಯಮ್ಮನಿಗೆ ಕ್ಷೌರದ ಕತ್ತಿಯನ್ನು ತರುತ್ತದೆ.

ಈ ಎಲ್ಲ ಶಬ್ದಗಳ ನಡುವೆ ‘ಮುಟ್ಟು’ ನನಗೆ ಅತ್ಯಂತ ಪ್ರಾಮಾಣಿಕವಾದ ಶಬ್ದವಾಗಿ ಕಾಣುತ್ತದೆ. ಅದರ ಮೂಲದಲ್ಲಿಯೂ ಮೈಲಿಗೆಯ ನೆರಳಿದೆ ಎಂದು ಯಾರಾದರೂ ಎತ್ತಿ ತೋರಿಸಿದರೆ ತಪ್ಪೆನ್ನಲಾರೆ. ಮುಟ್ಟಾದವಳನ್ನು ಮುಟ್ಟಬಾರದು ಎಂಬುದೇ ಆ ಶಬ್ದದ ವಿಚಿತ್ರ. ಆದರೆ ನಿಘಂಟು ತೆರೆದು ನೋಡಿದರೆ ಮುಟ್ಟು ಎಂದರೆ ಸ್ಪರ್ಶ, ಮುಟ್ಟು ಎಂದರೆ ಕೆಲಸದ ಸಲಕರಣೆ, ಮುಟ್ಟು ಎಂದರೆ ತಲುಪುವುದು. ಕಾಗದ ಮುಟ್ಟಿತು, ಹಣ ಮುಟ್ಟಿತು ಎಂದು ಇಂದಿಗೂ ಬರೆಯುತ್ತೇವೆ. ಇಷ್ಟು ಕಡೆ ದುಡಿಯುವ ಶಬ್ದಕ್ಕೆ ಮೈಲಿಗೆ ಅಂಟಿ ಉಳಿಯುವುದಿಲ್ಲ; ದುಡಿಮೆಯಲ್ಲಿ ಸವೆದು ಹೋಗುತ್ತದೆ. ಬೆಂಗಳೂರಿನ ಹೂಮಾರುವ ಹೆಂಗಸೂ ಮಲೆನಾಡಿನ ಒಕ್ಕಲಗಿತ್ತಿಯೂ ಡಾಕ್ಟರ ಮುಂದೆ ‘ಮುಟ್ಟು ನಿಂತಿದೆ’ ಎಂದು ಸಂಕೋಚವಿಲ್ಲದೆ ಹೇಳುತ್ತಾರೆ. ಸಂಕೋಚ ಹೆಚ್ಚಿರುವುದು ಅವರಿಗಿಂತ ಎರಡು ತರಗತಿ ಹೆಚ್ಚು ಓದಿದ ನಮ್ಮಲ್ಲಿ.

ಈ ಸಂಕೋಚ ನಮ್ಮ ಪ್ರಾಚೀನ ಸಾಹಿತ್ಯದಿಂದ ಬಂದದ್ದೆಂದು ಹೇಳುವವರು ಆ ಸಾಹಿತ್ಯವನ್ನು ಓದಿಲ್ಲ. ‘ಹೊಲೆ’ ಎಂಬ ಹಳೆಯ ಶಬ್ದದಲ್ಲಿ ಮುಟ್ಟು, ಹೆರಿಗೆಯ ಮೈಲಿಗೆ, ಕೊಳೆ, ಪಾಪ ಎಲ್ಲವೂ ಒಂದೇ ಗಂಟಿನಲ್ಲಿದ್ದವು. ಹನ್ನೆರಡನೆಯ ಶತಮಾನದ ಶರಣರು ಆ ಗಂಟನ್ನೇ ಬಿಚ್ಚಿ ಬೀದಿಯಲ್ಲಿ ಹರಡಿದರು. ಇದಿಲ್ಲದೆ ಪಿಂಡವಿಲ್ಲ, ಪಿಂಡವಿಲ್ಲದೆ ದೇಹವಿಲ್ಲ. ಹಾಗಿರುವಾಗ ಇದರಿಂದ ಹುಟ್ಟಿದವನು ಇದನ್ನು ಮೈಲಿಗೆ ಎನ್ನುವುದು ಯಾವ ನ್ಯಾಯ ಎಂಬುದು ಅವರ ವಾದದ ಹುರುಳು. ಲಿಂಗವಂತರಿಗೆ ಇಲ್ಲವೆಂದು ಹೇಳಿದ ಐದು ಸೂತಕಗಳಲ್ಲಿ ಜನನ, ಮರಣ, ಜಾತಿ, ಎಂಜಲುಗಳ ಜೊತೆಗೆ ರಜಸ್ಸೂತಕವೂ ಒಂದು. ಆಚರಣೆಯಲ್ಲಿ ಅದೆಷ್ಟು ಉಳಿಯಿತು ಎಂಬುದು ಬೇರೆ ಪ್ರಶ್ನೆ. ನಾನು ಹೇಳುವುದಿಷ್ಟೆ: ಎಂಟು ನೂರು ವರ್ಷಗಳ ಹಿಂದೆ ಕನ್ನಡ ಈ ವಿಷಯವನ್ನು ಹೆಸರು ಹಿಡಿದು ಚರ್ಚಿಸಿತ್ತು.

ಮಹಾಭಾರತದ ಸಭಾಪರ್ವವನ್ನು ನೋಡಿ. ದುಶ್ಶಾಸನ ಬಂದು ಎಳೆಯುವಾಗ ದ್ರೌಪದಿ ಹೇಳುವ ಮೊದಲ ಮಾತುಗಳಲ್ಲಿ ಒಂದು, ತಾನು ರಜಸ್ವಲೆ, ಏಕವಸ್ತ್ರೆ, ಈ ಸ್ಥಿತಿಯಲ್ಲಿ ಸಭೆಗೆ ಬರಲಾರೆ ಎಂಬುದು. ಕುಮಾರವ್ಯಾಸನೂ ಇದನ್ನು ಮುಚ್ಚಿಡಲಿಲ್ಲ. ಈ ಭಾಗವನ್ನು ನಾನು ಹಲವು ವರ್ಷ ಪಾಠ ಹೇಳಿದ್ದೇನೆ. ವಿದ್ಯಾರ್ಥಿಗಳ ಕೈಯಲ್ಲಿರುವ ಗೈಡುಗಳಲ್ಲಿ ಏಕವಸ್ತ್ರೆ ಎಂಬುದಕ್ಕೆ ಅರ್ಧ ಪುಟ ವಿವರಣೆಯಿರುತ್ತದೆ. ಪಕ್ಕದ ಶಬ್ದಕ್ಕೆ ಅಡಿಟಿಪ್ಪಣಿಯೂ ಇರುವುದಿಲ್ಲ. ಆದರೆ ಸನ್ನಿವೇಶದ ಬಿಗಿಯೆಲ್ಲ ಆ ಪಕ್ಕದ ಶಬ್ದದಲ್ಲಿದೆ. ರಾಜಪತ್ನಿಯೊಬ್ಬಳು ತನ್ನ ಮೈಯ ಸ್ಥಿತಿಯನ್ನು, ತನ್ನ ಕೂದಲಿಗೆ ಕೈಹಾಕಿದ ಮೈದುನನಿಗೆ, ಹೆಸರು ಹೇಳಿ ತಿಳಿಸುತ್ತಾಳೆ. ಅವನು ಕೇಳಿಸಿಕೊಳ್ಳುವುದಿಲ್ಲ. ಅನ್ಯಾಯ ನಡೆದದ್ದು ಕೇಳಿಸಿಕೊಳ್ಳುವವನ ಕಡೆಯಿಂದ. ಹೇಳುವವಳ ಮಾತಿನಲ್ಲಿ ಕೊರತೆಯಿರಲಿಲ್ಲ.

ನನ್ನ ತರಗತಿಯ ಹುಡುಗಿಯರಲ್ಲಿ ಈ ಮಾತೇ ಇಲ್ಲ. ನಾನು ಅಧ್ಯಾಪಕಿ, ಹೆಂಗಸು. ನನ್ನ ಮುಂದೆ ಸಂಕೋಚಕ್ಕೆ ಕಾರಣವಿರಬಾರದು. ಆದರೂ ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಇಬ್ಬರು ಬರುತ್ತಾರೆ, ಯಾವಾಗಲೂ ಇಬ್ಬರು. ಬೇಕಾದವಳು ಹಿಂದೆ ನಿಂತಿರುತ್ತಾಳೆ. ಮುಂದಿನವಳು ‘ಮ್ಯಾಮ್, ಒಂದ್ನಿಮಿಷ ಹೊರಗೆ ಬರ್ತೀರಾ’ ಎನ್ನುತ್ತಾಳೆ. ಹೋದರೆ ‘ಮ್ಯಾಮ್, ಇವಳಿಗೆ...’ ಅಷ್ಟೆ. ಅಲ್ಲಿಗೆ ವಾಕ್ಯ ನಿಲ್ಲುತ್ತದೆ. ಇಪ್ಪತ್ತು ವರ್ಷಗಳಲ್ಲಿ ಈ ವಾಕ್ಯಕ್ಕೆ ಕ್ರಿಯಾಪದ ಸೇರಿದ್ದನ್ನು ನಾನು ಕೇಳಿಲ್ಲ. ಉತ್ತರಪತ್ರಿಕೆಯಲ್ಲಿ ಅಪೂರ್ಣ ವಾಕ್ಯಕ್ಕೆ ಅರ್ಧ ಅಂಕ ಕಳೆಯುವ ನಾನು ಇಲ್ಲಿ ಪೂರ್ತಿ ಅರ್ಥಮಾಡಿಕೊಂಡು ಚೀಲ ತೆರೆಯುತ್ತೇನೆ. ತೀರ ಧೈರ್ಯವಂತೆಯಾದವಳು ‘ಪೀರಿಯಡ್ಸ್’ ಎನ್ನುತ್ತಾಳೆ. ಅದೂ ಕಷ್ಟದ್ದೇ, ಏಕೆಂದರೆ ಶಾಲೆ ಕಾಲೇಜುಗಳಲ್ಲಿ ಪೀರಿಯಡ್ಡು ಎಂದರೆ ಮೊದಲು ನೆನಪಾಗುವುದು ಗಂಟೆ ಹೊಡೆಯುವುದು. ಪುರುಷ ಅಧ್ಯಾಪಕರೇ ಇರುವ ಶಾಲೆಗಳಲ್ಲಿ ಈ ಅರ್ಧ ವಾಕ್ಯವೂ ಹುಟ್ಟುವುದಿಲ್ಲ; ಹುಡುಗಿ ‘ಹೊಟ್ಟೆನೋವು ಸಾರ್’ ಎಂದು ಹೇಳಿ ಮನೆಗೆ ಹೋಗುತ್ತಾಳೆ. ಅಲ್ಲಿಯೇ ಬೀರುವಿನಲ್ಲಿ ಪೊಟ್ಟಣಗಳು ಇದ್ದರೂ ಇರಬಹುದು. ಇನ್ನು ಪಟ್ಟಣದ ಔಷಧಿ ಅಂಗಡಿಯಲ್ಲಿ ನಡೆಯುವುದು ಎಲ್ಲರೂ ಬಲ್ಲದ್ದು: ಅಂಗಡಿಯವನು ಕೇಳದೆಯೇ ಪೊಟ್ಟಣವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕರಿಯ ಚೀಲಕ್ಕೆ ಹಾಕುತ್ತಾನೆ. ಸಾಹಿತ್ಯ ಪುರವಣಿಯ ಹಾಳೆಗಳೂ ಈ ಕೆಲಸಕ್ಕೆ ಒದಗುತ್ತವೆಂದು ಕಾಣುತ್ತದೆ. ನಮ್ಮ ಬರವಣಿಗೆ ಈ ವಿಷಯದಲ್ಲಿ ಇದುವರೆಗೆ ಮಾಡಿರುವ ಸೇವೆ, ಮುಚ್ಚುವುದು, ಅದೇ ಅಲ್ಲವೆ?

ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರೊಡನೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು. “ಅಲ್ಲ ಮೇಡಂ, ಹಸಿದೋರಿಗೆ ಅನ್ನ ಬಡಿಸೋ ಹೊತ್ತಿನಲ್ಲಿ ನೀವು ಅನ್ನ ಅನ್ನೋ ಶಬ್ದದ ವ್ಯುತ್ಪತ್ತಿ ಹೇಳ್ತಾ ಕೂತಿದೀರಲ್ಲ! ಹೆಸರು ಏನಾದರೇನು, ಪ್ಯಾಡು ಬಂದರೆ ಸಾಲದೆ?” ಎಂದರು. ಆಕ್ಷೇಪ ಬಲವಾದದ್ದು. ಆದರೆ ಅನ್ನದ ಉದಾಹರಣೆ ಅವರಿಗಿಂತ ನನಗೇ ಹೆಚ್ಚು ಅನುಕೂಲವಾಯಿತು.

ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡುವ ಯೋಜನೆ 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದಾಗ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಒಳ್ಳೆಯ ಹೆಸರು, ಅದರ ಹಿಂದೆ ಒಂದು ಪರಂಪರೆಯೇ ಇದೆ. ಆದರೂ ಜನ ಅದನ್ನು ಕಾಗದಪತ್ರಗಳಿಗೆ ಬಿಟ್ಟುಕೊಟ್ಟು ‘ಬಿಸಿಯೂಟ’ ಎಂದರು. ಈ ಹೆಸರಿನಲ್ಲಿ ಪದಾರ್ಥವಿದೆ, ಅದರ ಗುಣವೂ ಇದೆ. ಊಟ ತಣ್ಣಗಿದ್ದರೆ ಹೆಸರೇ ದೂರು ಕೊಡುತ್ತದೆ. ಒಂದು ದಿನ ಅಡಿಗೆಯಾಗದಿದ್ದರೆ ಒಂದನೆಯ ತರಗತಿಯ ಮಗು ಮನೆಗೆ ಹೋಗಿ ‘ಇವತ್ತು ಬಿಸಿಯೂಟ ಇರ್ಲಿಲ್ಲ’ ಎನ್ನುತ್ತದೆ. ಮರುದಿನ ಬೆಳಗ್ಗೆ ನಾಲ್ಕು ಜನ ತಂದೆತಾಯಿಗಳು ಮುಖ್ಯೋಪಾಧ್ಯಾಯರ ಮುಂದೆ ನಿಂತಿರುತ್ತಾರೆ. ಸೈಕಲ್ಲು ತಡವಾದರೂ ಹಾಗೆಯೇ, ಹಾಲು ತಡವಾದರೂ ಹಾಗೆಯೇ. ಕೋವಿಡ್ ಬಂದು ಶಾಲೆ ಮುಚ್ಚಿದಾಗ ಬಿಸಿಯೂಟದ ಬದಲಿಗೆ ಅಕ್ಕಿ ಬೇಳೆಯನ್ನಾದರೂ ಮನೆಗಳಿಗೆ ಕೊಟ್ಟರು. ಹಸಿವು ಶಾಲೆಯ ಜೊತೆ ಮುಚ್ಚಿಕೊಳ್ಳುವುದಿಲ್ಲವೆಂದು ಎಲ್ಲರಿಗೂ ತಿಳಿದಿತ್ತು.

ಮುಟ್ಟೂ ಶಾಲೆಯ ಜೊತೆ ಮುಚ್ಚಿಕೊಳ್ಳಲಿಲ್ಲ. ಆದರೆ ‘ಶುಚಿ’ 2020ರಲ್ಲಿ ನಿಂತಿತು. ಶಾಲೆಗಳು ಮತ್ತೆ ತೆರೆದವು, ಪರೀಕ್ಷೆಗಳು ನಡೆದವು, ಬಿಸಿಯೂಟದ ಒಲೆಗಳು ಹೊತ್ತಿದವು. ಪ್ಯಾಡಿನ ಹಂಚಿಕೆ ರಾಜ್ಯದಾದ್ಯಂತ ಪುನಃ ಆರಂಭವಾದದ್ದು 2024ರ ಫೆಬ್ರವರಿಯಲ್ಲಿ, ಸುಮಾರು 19 ಲಕ್ಷ ವಿದ್ಯಾರ್ಥಿನಿಯರಿಗಾಗಿ. ಈ ನಡುವೆ ಪತ್ರಿಕೆಗಳು ಬರೆಯಲಿಲ್ಲವೆಂದಲ್ಲ, ವಿಷಯ ಹೈಕೋರ್ಟಿನ ಮುಂದೆಯೂ ಇತ್ತು. ಇಲ್ಲದಿದ್ದದ್ದು ಶಾಲೆಯ ಬಾಗಿಲಲ್ಲಿ ನಾಲ್ಕು ಜನ ತಂದೆತಾಯಿಗಳು. ಆರನೆಯ ತರಗತಿಗೆ ಬಂದಿದ್ದ ಹುಡುಗಿ ಹತ್ತನೆಯ ತರಗತಿಗೆ ಹೋಗುವಷ್ಟು ಕಾಲ, ಅಂದರೆ ಅವಳಿಗೆ ಅದು ಅತ್ಯಂತ ಬೇಕಾಗಿದ್ದ ಇಡೀ ಕಾಲ, ಅದು ಬರಲಿಲ್ಲ. ಅವಳು ಮನೆಯಲ್ಲಿ ಏನೆಂದು ಹೇಳಬೇಕಾಗಿತ್ತು? ‘ಅಪ್ಪಾ, ಶುಚಿ ಬಂದಿಲ್ಲ’ ಎಂದೆ? ಆ ವಾಕ್ಯಕ್ಕೆ ಕನ್ನಡದಲ್ಲಿ ಅರ್ಥವೇ ಇಲ್ಲ. ಅರ್ಥವಿರುವ ವಾಕ್ಯವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕೇಳುವ ಬಾಯಿಗೆ ಸಿಕ್ಕದ ಹೆಸರಿಟ್ಟು ಕೊಟ್ಟದ್ದನ್ನು ಸದ್ದಿಲ್ಲದೆ ನಿಲ್ಲಿಸುವುದು ಸುಲಭ. ಯಾರೋ ಬೇಕೆಂದೇ ಹೀಗೆ ಮಾಡಿದರೆಂದು ನನ್ನ ಆರೋಪವಲ್ಲ. ಬೇಕೆಂದು ಮಾಡುವ ಅಗತ್ಯವೇ ಬೀಳಲಿಲ್ಲ. ಅರ್ಥಶಾಸ್ತ್ರದ ಮಿತ್ರರು ಈ ಮಾತಿಗೆ ಉತ್ತರ ಕೊಡದೆ ಗಡಿಯಾರ ನೋಡಿ ತರಗತಿಗೆ ಹೊರಟರು. ಒಪ್ಪಿದರೆಂದು ನಾನು ತಿಳಿದುಕೊಂಡಿಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಸರ್ಕಾರದ ಭಾಷೆಯೂ ಮೆಲ್ಲಗೆ ಬದಲಾಗುತ್ತಿದೆ. ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಯೋಗವಾಗಿ ಆರಂಭಿಸಿದ ಯೋಜನೆಗೆ ‘ನನ್ನ ಮೈತ್ರಿ’ ಎಂಬ ಅಲಂಕಾರವನ್ನು ತೊಡಿಸಿದರೂ, ಹಂಚುವ ವಸ್ತುವನ್ನು ‘ಮುಟ್ಟಿನ ಕಪ್’ ಎಂದೇ ಕರೆದರು. ವೇದಿಕೆಯ ಮೇಲೆ ಮಂತ್ರಿಗಳೂ ಕೆಳಗೆ ವಿದ್ಯಾರ್ಥಿನಿಯರೂ ಇರುವ ಸಭೆಗಳಲ್ಲಿ ಆ ಶಬ್ದ ಕೇಳಿಬಂತು. ಆಕಾಶವೇನೂ ಬೀಳಲಿಲ್ಲ. 2025ರ ಅಕ್ಟೋಬರಿನಲ್ಲಿ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನದ ಸಂಬಳಸಹಿತ ರಜೆಯನ್ನು ಸಚಿವಸಂಪುಟ ಒಪ್ಪಿದಾಗ ಅದು ಮತ್ತೆ ‘ಋತುಚಕ್ರ ರಜೆ’ಯಾಯಿತು. ಋತುಚಕ್ರ ಚೆಲುವಾದ ಶಬ್ದವೇ. ವಸಂತ ಗ್ರೀಷ್ಮಗಳನ್ನೂ ನೆನಪಿಗೆ ತರುತ್ತದೆ. ಆದರೆ ಸಿದ್ಧಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯಂತ್ರದ ಮುಂದಿನ ಹೆಣ್ಣುಮಗಳು ಮೇಲ್ವಿಚಾರಕನ ಬಳಿ ಹೋಗಿ ಋತುಚಕ್ರ ಎನ್ನುತ್ತಾಳೆಯೇ ಎಂಬುದನ್ನು ಕಾದು ನೋಡಬೇಕು.

ಹೊರನಾಡಿನ ಎರಡು ಉದಾಹರಣೆಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಸ್ಕಾಟ್ಲೆಂಡಿನ ಪಾರ್ಲಿಮೆಂಟು 2020ರ ನವೆಂಬರಿನಲ್ಲಿ, ಮೋನಿಕಾ ಲೆನನ್ ಎಂಬ ಸದಸ್ಯೆ ತಂದ ಮಸೂದೆಯನ್ನು ಒಬ್ಬರ ವಿರೋಧವೂ ಇಲ್ಲದೆ ಅಂಗೀಕರಿಸಿತು. ಶಾಲೆ ಕಾಲೇಜುಗಳಲ್ಲಿ 2018ರಿಂದಲೇ ನಡೆದಿದ್ದ ಉಚಿತ ವಿತರಣೆ ಇದರಿಂದ ಕಾನೂನಾಗಿ, 2022ರ ಆಗಸ್ಟಿನಿಂದ ಬೇಕಾದವರೆಲ್ಲರಿಗೂ ಅನ್ವಯಿಸಿತು. ಆ ಕಾನೂನಿನ ಹೆಸರಿನಲ್ಲಿ ಕಾವ್ಯದ ಗಂಧವಿಲ್ಲ: ಮುಟ್ಟಿನ ಸಾಮಗ್ರಿಗಳನ್ನು ಉಚಿತವಾಗಿ ಒದಗಿಸುವ ಕಾನೂನು, ಅಷ್ಟೆ. ಕಾವ್ಯ ಒಳಗಿದೆ. ಸಾಮಗ್ರಿ ಸುಲಭವಾಗಿ ಸಿಕ್ಕಬೇಕು, ಪಡೆಯುವವರ ಘನತೆಗೆ ಕುಂದಾಗದ ರೀತಿಯಲ್ಲಿ ಸಿಕ್ಕಬೇಕು ಎಂಬ ಎರಡು ಮಾತುಗಳು ಕಾನೂನಿನಲ್ಲಿಯೇ ಇವೆ. ಕೊಟ್ಟರೆ ಮುಗಿಯಲಿಲ್ಲ, ಹೇಗೆ ಸಿಕ್ಕಬೇಕೆಂಬುದೂ ಕೊಡುವುದರ ಭಾಗ ಎಂದು ತಿಳಿದವರು ಬರೆದ ವಾಕ್ಯ ಅದು.

ನ್ಯೂಜಿಲೆಂಡಿನದು ಇನ್ನೂ ಸ್ವಾರಸ್ಯ. ವೈಕಾಟೋ ಪ್ರಾಂತದ 15 ಶಾಲೆಗಳಲ್ಲಿ ಪ್ರಯೋಗ ಮಾಡಿ ನೋಡಿ, 2021ರ ಜೂನ್‌ನಿಂದ ದೇಶದ ಶಾಲೆಗಳಿಗೆಲ್ಲ ವಿಸ್ತರಿಸಿದ ಯೋಜನೆಗೆ ಅವರು ಮಾವೊರಿ ಭಾಷೆಯ ಹೆಸರನ್ನು ಇಟ್ಟರು: ‘ಇಕುರಾ, ಮಾನಾಕಿತಿಯಾ ತೆ ಫರೆ ತಂಗತ’. ಇಕುರಾ ಎಂದರೆ ನೇರವಾಗಿ ಮುಟ್ಟು. ಮೊದಲ ಹೆಣ್ಣನ್ನು ದೇವರು ತಿದ್ದಿ ಮಾಡಿದ ಕೆಮ್ಮಣ್ಣಿನ ನೆಲ ಕುರಾವಾಕಾ ಎಂದು ಮಾವೊರಿ ಪುರಾಣ ಹೇಳುತ್ತದೆ. ಅಲ್ಲಿಂದ ಬಂದದ್ದು ಎಂಬುದೇ ಆ ಶಬ್ದದ ಮೂಲಾರ್ಥವಂತೆ. ಮುಂದಿನ ಭಾಗದ ಅರ್ಥ, ಮನುಕುಲದ ಮನೆಯನ್ನು ಆದರಿಸಿ ಕಾಪಾಡಿ ಎಂದು. ಮನುಕುಲದ ಮನೆ ಎಂದರೆ ಗರ್ಭ. ನಮ್ಮ ಶರಣರ ವಾದಕ್ಕೆ ಇದು ಎಷ್ಟು ಹತ್ತಿರವಾಗಿದೆ ನೋಡಿ! ಇಂಗ್ಲಿಷಿನ ಕೆಳಗೆ ಬಹುಕಾಲ ಮುದುಡಿಕೊಂಡಿದ್ದ ಒಂದು ಸಣ್ಣ ಜನಾಂಗದ ಭಾಷೆಯಲ್ಲಿ ಸರ್ಕಾರಕ್ಕೆ ಈ ಹೆಸರು ಸಿಕ್ಕಿತು. ವಚನಗಳನ್ನೂ ಒಸಗೆಯ ಹಾಡುಗಳನ್ನೂ ಉಳ್ಳ ಭಾಷೆಯಲ್ಲಿ ನಮ್ಮವರಿಗೆ ಸಿಕ್ಕಿದ್ದು ಸಾಬೂನಿಗೂ ಒಪ್ಪುವ ಹೆಸರು.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. ಶಾಲೆಯ ಹೆಣ್ಣುಮಕ್ಕಳಿಗಾಗಿ ದೇಶಕ್ಕೆಲ್ಲ ಏಕರೂಪದ ನೀತಿ ಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಹೇಳಿತ್ತು. 2026ರ ಜನವರಿಯಲ್ಲಿ ಅದು ಇನ್ನೂ ಮುಂದೆ ಹೋಗಿ, ಮುಟ್ಟಿನ ಆರೋಗ್ಯ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ತೀರ್ಪಿತ್ತು, ಸರ್ಕಾರಿ ಖಾಸಗಿ ಎನ್ನದೆ ಎಲ್ಲ ಶಾಲೆಗಳಲ್ಲಿಯೂ ಪ್ಯಾಡುಗಳು ಉಚಿತವಾಗಿ ದೊರೆಯಬೇಕೆಂದು ಆಜ್ಞೆ ಮಾಡಿತು. ನೀರಿಲ್ಲದ ಶೌಚಾಲಯ, ಬಳಸಿದ್ದನ್ನು ಹಾಕಲು ಬುಟ್ಟಿಯಿಲ್ಲದ ಮೂಲೆ, ಬೀಗ ಹಾಕಿದ ಬೀರು ಇವೆಲ್ಲ ಆ ಆಜ್ಞೆಯ ದಾರಿಯಲ್ಲಿ ಸಿಕ್ಕುವಂಥವು; ಅವುಗಳನ್ನು ಬಲ್ಲವರು ಬರೆಯಲಿ. ನನ್ನ ವ್ಯವಸಾಯ ಶಬ್ದಗಳದ್ದು. ಹಕ್ಕೆಂದ ಮೇಲೆ ಅದನ್ನು ಕೇಳಬೇಕಾಗುತ್ತದೆ, ಕೇಳಲು ಹೆಸರು ಬೇಕಾಗುತ್ತದೆ. ತೀರ್ಪಿನ ಬೆನ್ನಿಗೆ ಹೊಸ ಸುತ್ತೋಲೆಗಳು ಬರುತ್ತವೆ, ಬಹುಶಃ ಹೊಸ ಯೋಜನೆ, ಅದಕ್ಕೊಂದು ಹೊಸ ಹೆಸರು. ಆ ಹೆಸರಿಗಾಗಿ ಒಂದು ಸಮಿತಿ ಕುಳಿತರೆ, ಅದರಲ್ಲಿ ನನ್ನಂಥ ಕನ್ನಡ ಅಧ್ಯಾಪಕರನ್ನು ಸೇರಿಸುವ ವಾಡಿಕೆಯಿದೆ. ನಾವು ಹೋಗಿ ಅಮರಕೋಶ ತೆರೆಯುತ್ತೇವೆ. ಈ ಸಲ ನಮ್ಮನ್ನು ಬಿಟ್ಟು, ಯಾವುದಾದರೂ ತಾಲ್ಲೂಕಿನ ಸರ್ಕಾರಿ ಶಾಲೆಯ ಎಂಟನೆಯ ತರಗತಿಯ ನಾಲ್ಕು ಹುಡುಗಿಯರನ್ನು ಕರೆಸಿ ಕೇಳುವುದು ಒಳ್ಳೆಯದು. ಅವರು ‘ಮುಟ್ಟಿನ ಪ್ಯಾಡು’ ಎಂದರೆ ಹಾಗೆಯೇ ಬರೆದುಕೊಳ್ಳಲಿ. ಮೊದಲ ಅರ್ಧ ಗಂಟೆ ಅವರು ಏನೂ ಹೇಳದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರೆ, ಕಾಯಲಿ.